ನಗರದ ದಂಗೆ: ಘಟನೆ ಒಂದು, ಹೆಸರು ಹಲವು

ಇತಿಹಾಸಕಾರನು ಕಳೆದ ಕಾಲವನ್ನು ಬದಲಾಯಿಸಬಲ್ಲನೆ? ಆಗಿಹೋದುದನ್ನು ಬ್ರಹ್ಮನೂ ತಿದ್ದಲಾರನೆಂದು ನಾವು ಥಟ್ಟನೆ ಉತ್ತರ ಕೊಡುತ್ತೇವೆ. ಆದರೂ ಒಂದೇ ಘಟನೆಯು ಒಂದು ಗ್ರಂಥದಲ್ಲಿ ದರೋಡೆಕೋರರ ಹಾವಳಿಯಾಗಿಯೂ ಮತ್ತೊಂದರಲ್ಲಿ ರೈತರ ಹೋರಾಟವಾಗಿಯೂ ಕಾಣಿಸಿಕೊಳ್ಳುವುದುಂಟು. 1830-31ರ ನಗರದ ದಂಗೆ ಇದಕ್ಕೊಂದು ನಿದರ್ಶನ.

ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಅಂದು ಮೈಸೂರು ಸಂಸ್ಥಾನದ ನಗರ ಫೌಜುದಾರಿಗೆ ಸೇರಿದ್ದುವು. ಅದಕ್ಕೂ ಹಿಂದೆ ಅದು ಕೆಳದಿಯ ನಾಯಕರ ನಾಡು. ಅವರ ಕೊನೆಯ ರಾಜಧಾನಿಯಾದ ಬಿದನೂರನ್ನು 1763ರಲ್ಲಿ ಹೈದರಾಲಿಯು ಗೆದ್ದು ಹೈದರನಗರವೆಂದು ಕರೆದನು. ಹೊಸನಗರ ತಾಲ್ಲೂಕಿನ ನಗರವೆಂಬ ಊರು ಅದೇ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ‘ಶರತ್ತು’ ಎಂಬ ಪದ್ಧತಿ ಬಳಕೆಗೆ ಬಂದಿತು. ಬೊಕ್ಕಸಕ್ಕೆ ಇಂತಿಷ್ಟು ಹಣ ತುಂಬುವೆನೆಂದು ಅಮಲ್ದಾರನು ಒಪ್ಪಿಕೊಳ್ಳಬೇಕು. ಆ ಹಣ ಹುಟ್ಟುವುದು ರೈತನ ಬೆನ್ನಿನಿಂದ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 1830ರಲ್ಲಿ ರೈತರು ಕೂಟ ಸೇರಿ ಕಂದಾಯ ಕೊಡೆವೆಂದರು. ಬೂದಿ ಬಸವಪ್ಪನೆಂದೂ ಸಾದರ ಮಲ್ಲನೆಂದೂ ಹೆಸರಾದವನೊಬ್ಬನು ನಗರದ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಸಾರಿದನು. 1831ರ ಅಕ್ಟೋಬರಿನಲ್ಲಿ ಆಂಗ್ಲರು ಅರಸರಿಂದ ಆಡಳಿತವನ್ನು ತೆಗೆದುಕೊಂಡರು.

ದಂಗೆಯ ಕಾರಣವನ್ನು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ನೇಮಕವಾದದ್ದು ಆ ಬಳಿಕ. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ! ಅರಸರ ದುರಾಡಳಿತವೇ ಮೂಲವೆಂದು 1833ರಲ್ಲಿ ವರದಿ ಬಂದಿತು. 1834ರಲ್ಲಿ ಕಬ್ಬನ್ ಸಾಹೇಬರೇ ಮೈಸೂರಿನ ಕಮಿಷನರಾದರು.

ಇಂಥ ವರದಿಯನ್ನು ಹೇಗೆ ಓದಬೇಕು? ಅದನ್ನು ಸುಳ್ಳೆಂದು ಎಸೆಯಲಾಗದು. ರೈತರ ಕಷ್ಟ ನಿಜವೇ ಆಗಿತ್ತು. ಆದರೆ 1799ರ ಒಪ್ಪಂದದಂತೆ ಇದೇ ಸಂಸ್ಥಾನವು ಕಂಪನಿಗೆ ವರ್ಷಂಪ್ರತಿ 7 ಲಕ್ಷ ವರಹಗಳನ್ನು ತೆರಬೇಕಾಗಿದ್ದಿತು. ಇದನ್ನೂ ತಕ್ಕಡಿಯಲ್ಲಿಟ್ಟರೆ ತೂಕ ಬೇರೆಯಾಗುತ್ತದೆ. ಮುಂದಿನ ವಿದ್ವಾಂಸರು ಕೂಟಗಳತ್ತ ಗಮನ ಹರಿಸಿ, ಇದು ಬರಿಯ ಪುಂಡಾಟವಲ್ಲ, ರೈತರ ಸಂಘಟಿತ ಪ್ರತಿಭಟನೆ ಎಂದರು.

ಭೂವಿಜ್ಞಾನಿಯು ಬಂಡೆಯ ಪದರಗಳನ್ನು ಬದಲಿಸುವುದಿಲ್ಲ. ಹೊಸ ಪದರ ಕಂಡಾಗ ತನ್ನ ಹಳೆಯ ವಿವರಣೆಯನ್ನು ಬದಲಿಸುತ್ತಾನೆ. ಇಲ್ಲಿಯೂ ಹಾಗೆಯೇ. ಬಸವಪ್ಪನು ನಾಯಕನೋ ಲೂಟಿಗಾರನೋ ಎಂದು ಚರ್ಚಿಸಬಹುದು; ಕೂಟಗಳೇ ಸೇರಲಿಲ್ಲವೆಂದು ಬರೆದರೆ ಅದು ವ್ಯಾಖ್ಯಾನವಲ್ಲ, ಸುಳ್ಳು.

ನಾಲ್ವರ ಲೇಖನಿ 1830ನ್ನು ಕಿಂಚಿತ್ತೂ ಕದಲಿಸಲಿಲ್ಲ. ಕಮಿಷನರುಗಳ ಆಳಿಕೆಗೆ ಮಾತ್ರ ಅದು ಆಧಾರವಾಯಿತು. ರಾಜ್ಯವನ್ನು ಮರಳಿ ಕೊಡಿರೆಂದು ಕೇಳುತ್ತಲೇ ಇದ್ದ ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. ಆಡಳಿತವು ಒಡೆಯರ ಮನೆತನಕ್ಕೆ ಹಿಂದಿರುಗಿದ್ದು 1881ರಲ್ಲಿ.