ಜಾತಿನಾಯಿ ಕೊಳ್ಳುವ ಮುನ್ನ

ನಾಯಿ ಸಾಕಬೇಕೆಂಬ ಆಸೆ ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದು ಮಗಳಿಗೆ. ಸಾಕುವುದಾದರೆ ಜಾತಿನಾಯಿಯನ್ನೇ ಸಾಕಬೇಕೆಂಬ ಹಟ ಮಾತ್ರ ನಮ್ಮದು. ಸರ್ಕಾರಿ ಕಚೇರಿಯ ಗುಮಾಸ್ತೆಯ ಮನೆಗೆ ಲ್ಯಾಬ್ರಡಾರ್ ಏತಕ್ಕೆಂದು ಮನೆಯಾಕೆ ಕೇಳದೆ ಇರಲಿಲ್ಲ. ಆಕೆ ಕೇಳಿದರೂ ನಾವು ಕೇಳಲಿಲ್ಲ.

ಮೂರು ವರ್ಷಗಳ ಕೆಳಗೆ ಹಬ್ಬದ ಮುಂಗಡ ತೆಗೆದು, ಚೆನ್ನೈ ನಗರದ ಅಂಚಿನಲ್ಲಿದ್ದ ನಾಯಿಮರಿ ವ್ಯಾಪಾರಿಯೊಬ್ಬನಲ್ಲಿಗೆ ಹೋದೆವು. ಹೊಂಬಣ್ಣದ ಮುದ್ದು ಮರಿ. ತಾಯಿಯನ್ನು ತೋರಿಸಿರೆಂದರೆ "ಊರಲ್ಲಿದೆ" ಎಂದ. ವಯಸ್ಸೆಷ್ಟೆಂದರೆ "ಎರಡು ತಿಂಗಳು" ಎಂದ. ನಂಬಿದೆವು. ಐದನೆಯ ದಿನ ಮರಿಗೆ ವಾಂತಿ, ರಕ್ತಭೇದಿ. ಪಶುವೈದ್ಯರು ಪಾರ್ವೋ ರೋಗವೆಂದರು. ಹಲ್ಲು ನೋಡಿ, ಇದಕ್ಕೆ ಆರು ವಾರವೂ ತುಂಬಿದಂತಿಲ್ಲವೆಂದರು. ಒಂಬತ್ತನೆಯ ದಿನ ಮರಿ ತೀರಿಕೊಂಡಿತು. ಮಗಳು ಎರಡು ದಿನ ಊಟ ಬಿಟ್ಟಳು.

ಕಡತ ಓದುವುದೇ ವೃತ್ತಿಯಾದ ನಾವು ಈ ಬಾಬತ್ತಿನ ನಿಯಮಗಳನ್ನು ಓದಿದ್ದು ಎಲ್ಲ ಮುಗಿದ ಮೇಲೆ! ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆ ಬರಲು ರಾಜ್ಯಸಭೆಯಲ್ಲಿ ಶ್ರಮಿಸಿದವರು ಇದೇ ಊರಿನ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲರು. ಆ ಕಾಯಿದೆಯ ಅಡಿಯಲ್ಲಿ 2017ರಲ್ಲಿ ನಾಯಿಮರಿ ವ್ಯಾಪಾರಕ್ಕೂ ನಿಯಮಗಳು ಬಂದವು. ಮರಿ ಮಾಡಿಸಿ ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹೆಣ್ಣುನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕೆ ಮೀರಕೂಡದು. "ಊರಲ್ಲಿದ್ದ" ಆ ತಾಯಿಗೆ ಅದು ಎಷ್ಟನೆಯ ಸೂಲೋ! ಹಣ ಎಣಿಸುವ ಮೊದಲು ನಾವು ಕೇಳಬೇಕಾಗಿದ್ದ ಪ್ರಶ್ನೆ ಅದು.

ಒಂದು ವರ್ಷ ಕಳೆದ ಮೇಲೆ ಮಗಳು ಮತ್ತೆ ನಾಯಿಯ ಮಾತೆತ್ತಿದಳು. ಈ ಸಲ ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗೋಣವೆಂದಾಕೆ ನಮ್ಮ ಮನೆಯಾಕೆ. ಕ್ಯಾಪ್ಟನ್ ಸುಂದರಂ ಅವರು 1959ರಲ್ಲಿ ಸ್ಥಾಪಿಸಿದ ಬ್ಲೂ ಕ್ರಾಸ್ ಸಂಸ್ಥೆಯ ಹೆಸರನ್ನು ಈ ಊರಿನಲ್ಲಿ ಕೇಳದವರು ಕಡಿಮೆ. ಆದರೆ ಇಂಥ ಕಡೆ ಇರುವುದೆಲ್ಲ ಬೀದಿನಾಯಿಗಳೆಂದೇ ನಾವು ತಿಳಿದಿದ್ದೆವು. ನಾವು ಹೋದ ಆಶ್ರಯಧಾಮದಲ್ಲಿ ಕಂಡದ್ದು ಬೇರೆ: ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್, ಪಾಮೆರೇನಿಯನ್, ಪಗ್. ಯಜಮಾನರಿಗೆ ವರ್ಗವಾಯಿತೆಂದು, ಮನೆಯ ಮಾಲೀಕರು ಒಪ್ಪಲಿಲ್ಲವೆಂದು, ಔಷಧದ ಖರ್ಚು ಹೆಚ್ಚಿತೆಂದು ಬಿಟ್ಟುಹೋದವು. 2003ರಲ್ಲಿ ಹಚ್ ಟೆಲಿಫೋನಿನ ಜಾಹೀರಾತು ನೋಡಿ ದೇಶವೇ ಪಗ್ ನಾಯಿಗೆ ಮರುಳಾಗಿತ್ತಷ್ಟೆ. ಮೂಗು ಚಪ್ಪಟೆಯಾದ ಆ ಪ್ರಾಣಿಗೆ ಚೆನ್ನೈಯ ಕತ್ತರಿ ಬಿಸಿಲಿನಲ್ಲಿ ಉಸಿರಾಡುವುದೇ ಕಷ್ಟವೆಂದು ಜಾಹೀರಾತು ಹೇಳಿರಲಿಲ್ಲ.

ಮೂಲೆಯಲ್ಲಿ ಆರು ವರ್ಷದ ಹೆಣ್ಣು ಲ್ಯಾಬ್ರಡಾರ್ ಒಂದು ಮಲಗಿತ್ತು. ಮರಿ ಹಾಕಿ ಹಾಕಿ ಸೊರಗಿದ ಮೈ, ಜೋತ ಮೊಲೆ. ಇನ್ನು ಮರಿಯಾಗದೆಂದು ಯಾರೋ ರಾತ್ರಿ ಗೇಟಿಗೆ ಕಟ್ಟಿ ಹೋಗಿದ್ದರಂತೆ. ಮಗಳು ಅದರ ಮುಂದೆ ಕುಳಿತವಳು ಏಳಲಿಲ್ಲ.

ದತ್ತು ಕೊಡುವವರು ಸುಮ್ಮನೆ ಕೊಡಲಿಲ್ಲ. ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲು ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಹೆಣ್ಣು ನೋಡಲು ಹೋದಾಗಲೂ ನಮ್ಮನ್ನು ಇಷ್ಟು ಕೇಳಿರಲಿಲ್ಲ! ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಅವರೇ ಮಾಡಿಸಿದ್ದರು.

ಮನೆಗೆ ಬಂದವಳು ಎಂಟು ದಿನ ಮಂಚದ ಕೆಳಗಿಂದ ಈಚೆಗೆ ಬರಲಿಲ್ಲ. ಕಸಬರಿಕೆ ಕಂಡರೆ ನಡುಗುತ್ತಿದ್ದಳು. ನಮ್ಮ ಕನ್ನಡ ಅವಳಿಗೆ ತಿಳಿಯದು. "ವಾ" ಎಂದರೆ ಮಾತ್ರ ಕಿವಿ ನಿಮಿರುತ್ತಿತ್ತು. ನಾವೂ ಈ ಊರಿಗೆ ಬಂದ ಹೊಸದರಲ್ಲಿ ಬಸ್ಸಿನ ಕಂಡಕ್ಟರನ ಮುಂದೆ ಬೆಪ್ಪಾಗಿ ನಿಂತವರೇ ಅಲ್ಲವೇ? ತಿಂಗಳಾದ ಮೇಲೆ ಒಂದು ಸಂಜೆ ಮಗಳು "ಬಾ" ಎಂದಳು. ಎದ್ದು ಬಂದಳು.

ಇದರಲ್ಲಿ ಕಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ಅವಳಿಗೆ ಸೊಂಟದ ನೋವಿದೆ, ಮೆಟ್ಟಿಲು ಹತ್ತಲಾರಳು. ತಿಂಗಳಿಗಿಷ್ಟೆಂದು ಔಷಧದ ಖರ್ಚಿದೆ. ಲ್ಯಾಬ್ರಡಾರಿನ ಆಯುಸ್ಸು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ. ನಮ್ಮ ಪಾಲಿಗೆ ಉಳಿದಿರುವುದು ಸ್ವಲ್ಪ. ಅದು ಮಗಳಿಗೂ ಗೊತ್ತು.

ಸಂಘದ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಜಾತಿನಾಯಿಯೇ ಬೇಕೆಂದರೆ ಮೊದಲು ಆಶ್ರಯಧಾಮಗಳಿಗೆ ಹೋಗಿ ನೋಡಿ ಬನ್ನಿ. ಕೊಳ್ಳಲೇಬೇಕಾದರೆ ನೋಂದಣಿ ಪತ್ರ ಕೇಳಿ, ತಾಯಿಯನ್ನು ಕಣ್ಣಾರೆ ಕಾಣುವವರೆಗೆ ಹಣ ಕೊಡಬೇಡಿ.

ಮೊನ್ನೆ ಅವಳ ತಲೆ ನೇವರಿಸುತ್ತ ಮಗಳು ಕೇಳಿದಳು: "ಅಪ್ಪಾ, ಸತ್ತುಹೋಯಿತಲ್ಲ, ಆ ಮರಿಯ ಅಮ್ಮ ಇವಳೇ ಇರಬಹುದೇ?"

ಹೌದೆನ್ನಲು ನಮ್ಮಲ್ಲಿ ದಾಖಲೆಯಿಲ್ಲ. ಅಲ್ಲವೆನ್ನಲು ನಾಲಿಗೆ ಬರಲಿಲ್ಲ.