ಬಿಸಿಲು ಕಂಡರೆ ನೀಲಿಯಾಗುವ ಅಂಬರು

ಬಿಳಿಯ ಕಾಗದದ ಮೇಲಿಟ್ಟು ನೋಡಿದರೆ ಅದು ಜೇನುಬಣ್ಣದ ಒಂದು ಹರಳು. ಅದನ್ನೇ ಎತ್ತಿ ಬಿಸಿಲಿನಲ್ಲಿ ಕರಿಯ ಬಟ್ಟೆಯ ಮೇಲಿಟ್ಟರೆ ಹೊನ್ನಿನ ಬಣ್ಣವೆಲ್ಲ ಅಡಗಿ, ನವಿಲುಗೊರಳಿನ ನೀಲಿ ಮೈದೋರುತ್ತದೆ. ಇದು ಗಾರುಡಿಗನ ಕೈಚಳಕವಲ್ಲ. ವೆಸ್ಟ್ ಇಂಡೀಸಿನ ಡೊಮಿನಿಕನ್ ಗಣರಾಜ್ಯದಲ್ಲಿ ದೊರೆಯುವ ನೀಲಿ ಅಂಬರಿನ ಹುಟ್ಟುಗುಣ.

ಅಂಬರನ್ನು ರತ್ನಗಳ ಪಂಕ್ತಿಯಲ್ಲಿ ಕೂರಿಸುವುದು ವಾಡಿಕೆಯಾದರೂ ಅದು ಕಲ್ಲಲ್ಲ, ಮರದ ರಾಳ. ಉಜ್ಜಿದರೆ ಹುಲ್ಲೆಸಳನ್ನು ಸೆಳೆದುಕೊಳ್ಳುವುದರಿಂದ ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿಯೆಂಬ ಅಂದವಾದ ಹೆಸರುಂಟು. ಈ ರಾಳವನ್ನು ಸುರಿಸಿದ ಮರದ ವಂಶ ಅಳಿದುಹೋಗಿದೆ. 1991ರಲ್ಲಿ ಜಾರ್ಜ್ ಪಾಯಿನಾರ್ ಎಂಬ ವಿಜ್ಞಾನಿ ಅದಕ್ಕೆ ಹೈಮೆನಿಯ ಪ್ರೊಟೆರ ಎಂದು ಹೆಸರಿಟ್ಟರು. ನಮ್ಮ ಅಡಿಗೆಮನೆಯ ಹುಣಿಸೆಗೆ ಅದು ದೂರದ ದಾಯಾದಿಯೆಂದರೆ ವಾಚಕರಿಗೆ ಅಚ್ಚರಿಯಾದೀತು.

ಸುಮಾರು 1½ರಿಂದ 2 ಕೋಟಿ ವರ್ಷಗಳ ಹಿಂದೆ ಆ ಮರಗಳ ಗಾಯಗಳಿಂದ ಒಸರಿದ ರಾಳ ನೀರಿನೊಡನೆ ಕಡಲಂಚಿಗೆ ಸಾಗಿ, ಮರಳು ಜೇಡಿಗಳ ನಡುವೆ ಹೂತುಹೋಯಿತು. ಮೇಲಿನ ಪದರಗಳ ಭಾರಕ್ಕೂ ಶಾಖಕ್ಕೂ ಅದರಲ್ಲಿನ ಆವಿಯಾಗುವ ಅಂಶಗಳು ಹೊರಟುಹೋಗಿ, ಉಳಿದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದವು. ಬಳಿಕ ನೆಲವೇ ಮೇಲೆದ್ದು ಬೆಟ್ಟವಾದುದರಿಂದ ಕಡಲಂಚಿನ ಆ ನಿಧಿ ಇಂದು ಗಿರಿಯ ಒಡಲಿನಲ್ಲಿದೆ.

ನೀಲಿಯಾದರೂ ಎಲ್ಲಿಂದ ಬಂತು? ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಅಂಬರಿನ ಮೇಲ್ಮೈ ಹೀರಿ, ನೀಲಿ ಬೆಳಕಾಗಿ ಹೊರಸೂಸುತ್ತದೆ. ಹಿನ್ನೆಲೆ ಬಿಳಿಯಾಗಿದ್ದರೆ ಒಳಹೊಕ್ಕು ಮರಳುವ ಹಳದಿ ಬೆಳಕು ಈ ನೀಲಿಯನ್ನು ನುಂಗಿಬಿಡುತ್ತದೆ. ಪೆರಿಲೀನಿನಂತಹ ಒಂದು ಹೈಡ್ರೊಕಾರ್ಬನ್ ಇದಕ್ಕೆ ಕಾರಣವಿರಬಹುದೆಂದು 2005ರ ಒಂದು ಸಂಶೋಧನೆ ಸೂಚಿಸಿತು. ಆ ವಸ್ತು ರಾಳದೊಳಗೆ ಹೇಗೆ ಸೇರಿತೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಪ್ರಾಚೀನ ಕಾಡುಗಿಚ್ಚನ್ನು ಹೇಳುವವರುಂಟು, ಜ್ವಾಲಾಮುಖಿಯನ್ನು ಹೇಳುವವರೂ ಉಂಟು. ಜ್ವಾಲಾಮುಖಿಯ ಕಥೆ ಮಾರಾಟಗಾರರಿಗೆ ಬಲು ಪ್ರಿಯವಾದುದು. ಆದರೆ ಕೇಳಲು ಸೊಗಸಾದುದೆಲ್ಲ ಪ್ರಮಾಣವಾಗದಷ್ಟೆ.

ಸ್ಯಾಂಟಿಯಾಗೊ ನಗರದ ಉತ್ತರದ ಬೆಟ್ಟಗಳಲ್ಲಿ ಇದನ್ನು ಅಗೆಯುವವರ ಬಾಳು ಹರಳಿನಷ್ಟು ಬೆಳಕಿನದಲ್ಲ. ಗುದ್ದಲಿ, ಸಲಿಕೆ, ಮಚ್ಚುಗಳೇ ಅವರ ಯಂತ್ರಗಳು. ನೆಟ್ಟಗೆ ನಿಲ್ಲಲೂ ಎಡೆಯಿಲ್ಲದ ಸುರಂಗಗಳಲ್ಲಿ ಮಂಡಿಯೂರಿ ತೆವಳುತ್ತ ಅಗೆಯಬೇಕು. ಅನೇಕ ಕಡೆ ಮಣ್ಣನ್ನು ತಡೆಯಲು ಮರದ ಆಸರೆಯೂ ಇಲ್ಲ. ಮಳೆ ಬಿದ್ದರೆ ಸುರಂಗ ಕುಸಿಯುವ ಭಯ. ಮೇಣದ ಬತ್ತಿಯ ಬೆಳಕಿನಲ್ಲಿ ನೇರಳಾತೀತ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ಆ ಕತ್ತಲೆಯಲ್ಲಿ ಕೈಗೆ ಸಿಕ್ಕ ಗಟ್ಟಿ ನೀಲಿಯೋ ಬರಿಯ ಹಳದಿಯೋ ತಿಳಿಯಬೇಕಾದರೆ, ಅದನ್ನು ಹೊತ್ತು ಮತ್ತೆ ಅಷ್ಟು ದೂರ ತೆವಳಿ ಬಿಸಿಲಿಗೆ ಬರಬೇಕು.