ಇಪ್ಪತ್ತು ಮೈಕ್ರಾನಿನ ಓಣಿ

0, 0, 12, 23, 6. ಗ್ರಾನೈಟಿನ ಸರ್ಫೇಸ್ ಪ್ಲೇಟಿನ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಇಟ್ಟು, ಅದರ ಮೈಗೆ ಡಯಲ್ ಗೇಜಿನ ಮೊನೆ ತಾಗಿಸಿ, ನೂರು ಮಿಲಿಮೀಟರಿಗೊಂದರಂತೆ ಬರೆದುಕೊಂಡ ಐದು ರೀಡಿಂಗುಗಳು ಇವು ಎಂದುಕೊಳ್ಳಿ. ಲೆಕ್ಕ ಮೈಕ್ರಾನಿನದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನೇರತನಕ್ಕೆ ಡ್ರಾಯಿಂಗ್ ಕೊಟ್ಟಿರುವ ಮಿತಿ 0.02 ಮಿ.ಮೀ., ಎಂದರೆ 20 ಮೈಕ್ರಾನ್. ಪಟ್ಟಿ ಪಾಸೋ, ಫೇಲೋ?

ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 23. ಅವಸರದವರು ಅಲ್ಲೇ ಫೇಲ್ ಎಂದುಬಿಡುತ್ತಾರೆ. ಆದರೆ ಪಟ್ಟಿ ಒಂದು ಕಡೆಗೆ ವಾಟವಾಗಿ ಕೂತಿದ್ದರೆ ಆ ವಾಟವೂ 23ರೊಳಗೆ ಸೇರಿಕೊಂಡಿರುತ್ತದೆ. ವಾಲಿ ಕೂತದ್ದು ಬೇರೆ, ಡೊಂಕು ಬೇರೆ.

ಐಎಸ್‌ಒ 1101 ಮಾನಕದ ಪ್ರಕಾರ ನೇರತನ ಎಂದರೆ ಒಂದು ಓಣಿ. ಎರಡು ಸಮಾನಾಂತರ ಗೆರೆಗಳು, ಅವುಗಳ ನಡುವೆ ಎಲ್ಲ ಬಿಂದುಗಳು. ಓಣಿಯನ್ನು ಹೇಗೆ ಬೇಕಾದರೂ ಓರೆ ಮಾಡಬಹುದು. ಹಾಗೆ ಓರೆ ಮಾಡುತ್ತ ಹೋದಾಗ ಸಿಗುವ ಅತಿ ಕಿರಿದಾದ ಓಣಿಯ ಅಗಲ 20 ಮೈಕ್ರಾನ್ ಮೀರದಿದ್ದರೆ ಪಟ್ಟಿ ಪಾಸ್.

ಆ ಓಣಿಯನ್ನು ಹುಡುಕುವುದರಲ್ಲೇ ಎಡವುವುದು. ಎಲ್ಲರ ಕೈಗೂ ಮೊದಲು ಸಿಗುವುದು ಕನಿಷ್ಠ ವರ್ಗಗಳ ವಿಧಾನ: ಬಿಂದುಗಳಿಂದ ಗೆರೆಗಿರುವ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಎಳೆದ ಸರಾಸರಿಯ ಗೆರೆ. ಅದರ ಗೆರೆ ಎಳೆದು, ಮೇಲಿನ ಕೆಳಗಿನ ಅತಿ ದೊಡ್ಡ ಅಂತರಗಳನ್ನು ಕೂಡಿದರೆ ನಮ್ಮ ಪಟ್ಟಿಗೆ ಬರುವುದು 20.5. ಫೇಲ್! ಫ್ರಾನ್ಸಿನ ಗಣಿತಜ್ಞ ಲೆಜೆಂಡ್ರ್ ಈ ವಿಧಾನವನ್ನು 1805ರಲ್ಲಿ ಪ್ರಕಟಿಸಿದ್ದು ಧೂಮಕೇತುಗಳ ಕಕ್ಷೆಯ ಬಗೆಗಿನ ಪುಸ್ತಕದಲ್ಲಿ. ಅಲ್ಲಿ ಏರುಪೇರೆಂದರೆ ನೋಟದ ತಪ್ಪು, ಅದನ್ನು ಹದವಾಗಿ ಹಂಚಿ ಮರೆಯಬೇಕು. ಇಲ್ಲಿ ಏರುಪೇರೇ ನಾವು ಅಳೆಯಹೊರಟ ವಸ್ತು. ಸರಾಸರಿಯ ಗೆರೆ ಕೊಡುವ ಅಗಲ ಕಿರಿದಾದ ಓಣಿಗಿಂತ ಕಡಿಮೆಯಾಗುವುದೇ ಇಲ್ಲ, ಹೆಚ್ಚಾಗಬಹುದು ಅಷ್ಟೆ.

ಸರಿಯಾದ ಓಣಿಯನ್ನು ಕಾಗದದ ಮೇಲೇ ಹಿಡಿಯಬಹುದು. ಮೊದಲ ರೀಡಿಂಗಿನಿಂದ 100 ಮತ್ತು 400 ಮಿ.ಮೀ. ದೂರದ ತಗ್ಗಿನ ಬಿಂದುಗಳನ್ನು ಸೇರಿಸಿ ಗೆರೆ ಎಳೆಯಿರಿ. ಅದು ನೂರು ಮಿಲಿಮೀಟರಿಗೆ 2 ಮೈಕ್ರಾನ್ ಏರುತ್ತದೆ. ಆ ಏರನ್ನು ರೀಡಿಂಗುಗಳಿಂದ ಕಳೆದರೆ ಉಳಿಯುವುದು 0, -2, 8, 17, -2. ಅಗಲ 19. ಪಾಸ್. ಕೆಳಗಿನ ಗೆರೆಗೆ ಎರಡು ಬಿಂದು ತಾಗಿ, ಅವುಗಳ ನಡುವಿನ ಒಂದು ಬಿಂದು ಮೇಲಿನ ಗೆರೆಗೆ ತಾಗಿದೆ. ತಗ್ಗು, ಉಬ್ಬು, ತಗ್ಗು: ಈ ಗುರುತು ಕಂಡರೆ ಇದಕ್ಕಿಂತ ಕಿರಿದಾದ ಓಣಿ ಇಲ್ಲವೆಂದೇ ಲೆಕ್ಕ. ಉಬ್ಬು, ತಗ್ಗು, ಉಬ್ಬು ಇದ್ದರೂ ಸರಿ.

ಲೆಕ್ಕದ ದಾರಿ ತಪ್ಪಿತೆಂದು ಯಾರದೋ ಕೈಕೆಲಸ ಸ್ಕ್ರ್ಯಾಪಿಗೆ ಹೋಗುವುದನ್ನು ನಾನು ಒಪ್ಪಲಾರೆ. ಆದರೂ 19 ಬಂತೆಂದು ತಕ್ಷಣ ಸೀಲು ಒತ್ತುವುದೂ ಬೇಡ. ಇಡೀ ಓಣಿ ನಿಂತಿರುವುದು ಮೂರೇ ಬಿಂದುಗಳ ಮೇಲೆ. 300ರ ಬಳಿ ಒಂದು ಧೂಳಿನ ಕಣ ಕೂತಿದ್ದರೆ 23 ಎಂಬುದೇ ಸುಳ್ಳು. 300 ಮತ್ತು 400ರ ನಡುವೆ ಇನ್ನೂ ದೊಡ್ಡ ಉಬ್ಬಿದ್ದರೆ ಐದು ರೀಡಿಂಗುಗಳಿಗೆ ಅದು ಕಾಣುವುದೇ ಇಲ್ಲ. ಪಟ್ಟಿಯನ್ನು ಒರೆಸಿ, ಗೇಜನ್ನು ಮತ್ತೆ ಹಚ್ಚಿ, ಈ ಸಲ ಹತ್ತು ಮಿಲಿಮೀಟರಿಗೊಂದು ರೀಡಿಂಗ್ ತೆಗೆದುಕೊಳ್ಳಿ.